ಮಷಿನ್ನಿಗೆ ಇವತ್ತು ಯಾವ ತಾರೀಖು

ಮೊನ್ನೆ ಸೋಲಾಪುರದ ಅಂಗಡಿಯಲ್ಲಿ ನನ್ನ ಹಳೆಯ ಕಂಪ್ಯೂಟರಿನ ಹೊಟ್ಟೆ ಬಿಚ್ಚಿದವನು, ಕೋಟಿನ ಗುಂಡಿಯಷ್ಟಗಲದ ಸೆಲ್ಲೊಂದನ್ನು ಕಿತ್ತು ನನ್ನ ಅಂಗೈ ಮೇಲಿಟ್ಟ. "ಇದು ಸತ್ತದ್ರಿ ಬಾಯಿ. ಅದಕ್ಕ ಮಷಿನ್ ತಾರೀಖು ಮರಿಯಾಕತ್ತದ," ಅಂದ. ನನಗೆ ತಟ್ಟನೆ ಮಾಳಿಗೆಯ ವೈನಿ ನೆನಪಾದರು...

ಸ್ವಂತ ಅತ್ತಿಗೆಯಲ್ಲ, ನೆರೆಯವರು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಸೋಲಾಪುರದ ನಮ್ಮ ವಾಡೆಯ ಮಾಳಿಗೆಯಲ್ಲಿ ಅವರ ಸಂಸಾರ, ಕೆಳಗೆ ನಮ್ಮದು. ಇಬ್ಬರೂ ಸೇರಿ ಅಲ್ಲೇ ಒಂದು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆವು. ಮೇಲೆ ವಿಂಡೋಸ್, ಕೆಳಗೆ ಲಿನಕ್ಸ್.

ಆಗ ವೈನಿಯ ಕೈಗೆ ಕನ್ನಡ ಮುದ್ರಿಸುವ ಪುಕ್ಕಟೆ ಪ್ರೋಗ್ರಾಂ ಒಂದು ಸಿಕ್ಕಿತು. ಎಲ್ಲೋ ದೂರದವರೊಬ್ಬರು ಬರೆದು, ಒಳಗಿನ ಕೋಡನ್ನೆಲ್ಲ ತೆರೆದೇ ಇಟ್ಟಿದ್ದರು. ಯಾರು ಬೇಕಾದರೂ ತಿದ್ದಬಹುದು. ಆ ಕೋಡನ್ನು ತಮ್ಮ ಯಂತ್ರದಲ್ಲಿ ಓಡುವ ಪ್ರೋಗ್ರಾಂ ಆಗಿ ಕಟ್ಟಿ ನೋಡಿ, ನಡೆಯಿತೋ ಇಲ್ಲವೋ ತಿಳಿಸಬೇಕು, ಅಷ್ಟೇ. ವೈನಿಗೆ ಹುಚ್ಚು ಹಿಡಿಯಲು ಅಷ್ಟು ಸಾಕಾಯಿತು. ಮೇಲೆ ಕಟ್ಟಿ ಮುಗಿಸಿ ಮೆಟ್ಟಿಲಿನಿಂದ ಕೂಗುತ್ತಿದ್ದರು: "ನಮ್ಮಲ್ಲಿ ನಡೀತು! ನಿಮ್ಮಲ್ಲಿ?" ನನ್ನಲ್ಲಿ ನಡೆಯದಿದ್ದರೆ ಅವರಿಗೆ ಇನ್ನೂ ಖುಷಿ. ಸೆರಗು ಸಿಕ್ಕಿಸಿಕೊಂಡು ಧಡಧಡ ಇಳಿದು ಬರುತ್ತಿದ್ದರು.

ಅವರ ತಾಯಿ ಅಕ್ಕಲಕೋಟದ ಕನ್ನಡ ಸಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಮರಾಠಿ ಪ್ರಶ್ನೆಪತ್ರಿಕೆಗಳು ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದ್ದವು. ಕನ್ನಡದವನ್ನು ಅಕ್ಕೋರೇ ಸ್ಟೆನ್ಸಿಲ್ ಮೇಲೆ ಬರೆಯಬೇಕು. ಆ ವರ್ಷ ಅವರ ಕೈ ನಡುಗತೊಡಗಿತ್ತು. ವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಸಾಲೆಯಲ್ಲಿ ಯಾರೋ ಕೊಟ್ಟ ಹಳೆಯ ಡಾಸ್ ಕಂಪ್ಯೂಟರ್, ಕರಕರ ಎನ್ನುವ ಪ್ರಿಂಟರ್ ಇದ್ದವು. ಅಲ್ಲಿಯೂ ಈ ಪ್ರೋಗ್ರಾಂ ನಡೆದರೆ ತಾಯಿಗೆ ಆ ಕಷ್ಟ ತಪ್ಪುತ್ತದೆ ಎಂದು ವೈನಿಯ ಆಸೆ.

ಸೋಲಾಪುರದಲ್ಲೇ ಡಾಸ್‌ಗೆಂದು ಕಟ್ಟಿ, ಕೋಡಿನ ಸಮೇತ ಫ್ಲಾಪಿಗೆ ಹಾಕಿಕೊಂಡು ಎಸ್ಟಿ ಬಸ್ ಹತ್ತಿದೆವು. ಅಲ್ಲಿ ಮುದ್ರಿಸಿದರೆ ಒತ್ತಕ್ಷರಗಳ ಕಾಲೆಲ್ಲ ಕತ್ತರಿಸಿ ಹೋಗಿದ್ದವು! ಅಕ್ಕೋರು ಹಾಳೆಯನ್ನು ದೂರ ಹಿಡಿದು ನೋಡಿದರು.

"ಹುಡುಗ್ರು ಇದನ್ನ ಹ್ಯಾಂಗ ಓದಬೇಕವಾ? ಇರಲಿ ಬಿಡು, ನಾನ ಬರೀತೀನಿ," ಎಂದು ಸ್ಟೆನ್ಸಿಲಿನ ಕಡ್ಡಿ ಹೊರಗೆ ತೆಗೆದರು.

ವೈನಿ ಅಂದಾಜಿನ ಮೇಲೆ ಕೋಡಿನ ಒಂದು ಸಾಲು ತಿದ್ದಿ ಮತ್ತೆ ಕಟ್ಟಲು ಯಂತ್ರಕ್ಕೆ ಹೇಳಿದರು. ಹೊಸದಾಗಿ ಕಟ್ಟುವುದೇನೂ ಇಲ್ಲ ಎಂದಿತು ಯಂತ್ರ. ಬೇರೆ ಬಗೆಯಲ್ಲಿ ತಿದ್ದಿದರೂ ಅದೇ ಉತ್ತರ, ಅದೇ ಕತ್ತರಿಸಿದ ಕಾಲು. ನನಗೆ ಸಾಕಾಗಿತ್ತು. "ಬರ್ರಿ ವೈನಿ, ಬಸ್ ತಪ್ಪತದ," ಅಂದೆ.

"ತಡಿಯವಾ. ಇದೇನ ಸುಳ್ಳ ಹೇಳಾಕತ್ತಿಲ್ಲ. ಇದಕ್ಕ ಏನೋ ಬ್ಯಾರೇನ ಕಾಣಾಕತ್ತದ," ಎಂದರು ವೈನಿ. ಆಮೇಲೆ ಜ್ವರ ಬಂದ ಹಿರಿಯರನ್ನು ಮಾತಾಡಿಸುವಂತೆ ಪರದೆಯತ್ತ ಬಾಗಿ, "ಯಪ್ಪಾ, ನಿನಗ ಇವತ್ತ ಯಾವ ತಾರೀಖು?" ಎಂದು ಕೇಳುತ್ತಲೇ ಕೀ ಒತ್ತಿದರು.

೧೯೮೦, ಜನವರಿ ಒಂದು.

ಒಳಗಿನ ಸೆಲ್ ಸತ್ತಿತ್ತು. ಕರೆಂಟು ಹೋದಾಗಲೆಲ್ಲ ಯಂತ್ರ ಆ ದಿನಕ್ಕೇ ಹಿಂದಿರುಗುತ್ತಿತ್ತು. ಅಕ್ಕಲಕೋಟದಲ್ಲಿ ಕರೆಂಟು ಹೋಗದ ದಿನವಾದರೂ ಎಲ್ಲಿತ್ತು? ಹಿಂದೆ ಕಟ್ಟಿದ್ದಕ್ಕಿಂತ ಈಚೆಗೆ ತಿದ್ದಿದ್ದನ್ನು ಮಾತ್ರ ಮತ್ತೆ ಕಟ್ಟುವುದು ಅದರ ಪದ್ಧತಿ. ವೈನಿ ಈಗಷ್ಟೇ ತಿದ್ದಿದ್ದಕ್ಕೆ ಎಂಬತ್ತರ ತಾರೀಖು ಬಿದ್ದಿತ್ತು. ಸೋಲಾಪುರದಲ್ಲಿ ಕಟ್ಟಿದ್ದೇ ಹೊಸದೆಂದು ಅದು ಪಾಪ ನಂಬಿತ್ತು.

ತಾರೀಖು ಸರಿಪಡಿಸಿ, ಆ ಸಾಲನ್ನು ಇನ್ನೊಮ್ಮೆ ತಿದ್ದಿ ಕಟ್ಟಿದೆವು. ಹಾಳೆ ಹೊರಬಂತು. ಅಕ್ಕೋರು ಒಂದೊಂದು ಒತ್ತಕ್ಷರದ ಕೆಳಗೂ ಬೆರಳಾಡಿಸಿದರು. "ಛಲೋ ಬಂದಾವ," ಎಂದು ಕಡ್ಡಿಯನ್ನು ಡಬ್ಬಿಗೆ ಹಾಕಿ ಮುಚ್ಚಿದರು. ವೈನಿ ಉಳಿದ ಪ್ರಶ್ನೆಗಳನ್ನು ಟೈಪ್ ಮಾಡಲು ಕೂತರು. ಬಸ್ಸು ತಪ್ಪಿತು. ನನಗೆ ಅದರ ಬೇಜಾರೇ ಆಗಲಿಲ್ಲ.

ಅಂದಿನಿಂದ ಯಾವ ಯಂತ್ರದ ಮುಂದೆ ಕೂತರೂ ಮೊದಲು ತಾರೀಖು ಕೇಳುವುದು ನಮ್ಮ ರೂಢಿಯಾಯಿತು. ಆದರೆ ಒತ್ತಕ್ಷರಗಳು ಆ ಪ್ರಿಂಟರಿನಲ್ಲಿ ಮಾತ್ರ ಯಾಕೆ ಕತ್ತರಿಸಿ ಹೋಗಿದ್ದವೋ... ವೈನಿ ಅದನ್ನು ಬಹಳ ಕಾಲ ಕೆದಕುತ್ತಿದ್ದರು. ಉತ್ತರ ಸಿಕ್ಕಿತೋ ಏನೋ, ನಾನು ಕೇಳಲೇ ಇಲ್ಲ. ಹೋದ ವರ್ಷ ವೈನಿ ತೀರಿಕೊಂಡರು. ಮಾಳಿಗೆಗೆ ಈಗ ಬೀಗ.

ಹೊಸ ಸೆಲ್ ಹಾಕಿಸಿಕೊಂಡು ಮನೆಗೆ ಬಂದೆ. ಕಂಪ್ಯೂಟರ್ ಹಚ್ಚಿದೆ, ತಾರೀಖು ಇವತ್ತಿನದೇ ತೋರಿಸಿತು. ಎದ್ದು ಮೆಟ್ಟಿಲಿನ ಬುಡಕ್ಕೆ ಹೋಗಿ ನಿಂತೆ. ಮಾಳಿಗೆಯತ್ತ ಮುಖ ಎತ್ತಿ ಮೆಲ್ಲಗೆ ಕೇಳಿದೆ.

"ನಮ್ಮಲ್ಲಿ ನಡೀತು, ವೈನಿ. ನಿಮ್ಮಲ್ಲಿ?"