ಲೆನ್ಸಣ್ಣನೂ ಅವನ ಮೈಕ್ರೋಸ್ಕೋಪೂ

ನಮ್ಮ ಆಪರೇಷನ್ ಥಿಯೇಟರಿನ ದೊಡ್ಡ ಮೈಕ್ರೋಸ್ಕೋಪನ್ನು ಬೇರೆ ಯಾರಾದರೂ ಮುಟ್ಟಿದರೆ ಲೆನ್ಸಣ್ಣನ ಮೂತಿ ಮಧ್ಯಾಹ್ನದವರೆಗೂ ಸೊಟ್ಟಗಿರುತ್ತಿತ್ತು. ಅವನು ಅಲ್ಲಿ ಟೆಕ್ನೀಷಿಯನ್, ನಾನು ನರ್ಸು. ಆನೆಯ ಸೊಂಡಿಲಿನಂಥ ಅದರ ತೋಳಿಗೆ ಅವನು ಪ್ಲಾಸ್ಟಿಕ್ ಹೊದಿಕೆ ಹಾಕುವ ನಾಜೂಕು ನೋಡಿ, ಮನೆಯಲ್ಲಿ ಹೆಂಡತಿಗೂ ಹೀಗೇ ಶಾಲು ಹೊದಿಸುತ್ತೀಯಾ ಎಂದು ಒಮ್ಮೆ ಕೇಳಿದ್ದೆ. ಅವಳು ತಾನೇ ಹೊದ್ದುಕೊಳ್ಳುತ್ತಾಳೆ ಎಂದ.

ಅವನ ಬಾಮೈದನೂ ಅದೇ ಥಿಯೇಟರಿನಲ್ಲಿ ಎಂಡೋಸ್ಕೋಪಿನ ಉಸ್ತುವಾರಿಗಿದ್ದ. ಅದು ಪೆನ್ಸಿಲಿಗಿಂತ ತೆಳ್ಳಗಿನ ಕೊಳವೆ. ತುದಿಯಲ್ಲಿ ಕಂಡದ್ದನ್ನು ಟಿವಿ ಪರದೆಗೆ ಕಳಿಸುತ್ತದೆ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಬೆಳೆದರೆ, ನಮ್ಮಲ್ಲಿ ಎರಡೂ ಯಂತ್ರಗಳಿಗೆ ಮೂಗೇ ದಾರಿ. ಊಟದ ಹೊತ್ತಿಗೆ ಭಾವ-ಬಾಮೈದರ ಜಗಳ ಶುರುವಾಗುತ್ತಿತ್ತು. ನಿನ್ನ ಟಿವಿಯಲ್ಲಿ ಎಲ್ಲವೂ ಚಪ್ಪಟೆ, ನಮ್ಮದರಲ್ಲಿ ಡಾಕ್ಟರು ಎರಡೂ ಕಣ್ಣಿಟ್ಟು ಆಳ ನೋಡುತ್ತಾರೆ ಎಂದು ಇವನು. ನಿಮ್ಮದು ಹೊರಗೆ ನಿಂತು ಇಣುಕುತ್ತದೆ, ನಮ್ಮದು ಒಳಗೇ ಹೋಗಿ ಮೂಲೆಮೂಲೆ ನೋಡುತ್ತದೆ ಎಂದು ಅವನು. ಇಬ್ಬರದೂ ನಿಜವೇ. ಎರಡರಲ್ಲೂ ಕೈ ಪಳಗಿದ್ದ ನಮ್ಮ ಡಾಕ್ಟರಮ್ಮ ನಗುತ್ತಾ ಊಟ ಮುಗಿಸಿ ಎದ್ದು ಹೋಗುತ್ತಿದ್ದರು.

ಲೆನ್ಸಣ್ಣನ ಹೆಂಡತಿ ಶಾಲೆಯ ವ್ಯಾನು ಓಡಿಸುವವರು. ಆ ವರ್ಷ ಅವರು ವ್ಯಾನಿನ ಎಡಗಡೆಯ ಕನ್ನಡಿ ಮುರಿದರು, ಆಮೇಲೆ ಬಲಗಡೆಯದು, ಕೊನೆಗೆ ಗೇಟಿನ ಕಂಬಕ್ಕೇ ಗುದ್ದಿದರು. ಗಂಡ ರೇಗಿಸಿದ್ದೇ ರೇಗಿಸಿದ್ದು. ಪರೀಕ್ಷೆ ಮಾಡಿಸಿದರೆ, ಪಿಟ್ಯುಟರಿಯ ಗಡ್ಡೆ ಕಣ್ಣಿನ ನರವನ್ನು ಒತ್ತಿ ಎರಡೂ ಪಕ್ಕದ ನೋಟ ಹೋಗಿತ್ತು. ಹಾಗೇ ಬಿಟ್ಟರೆ ಉಳಿದ ನೋಟವೂ ಹೋಗುತ್ತಿತ್ತು.

ಡಾಕ್ಟರಮ್ಮ ಸ್ಕ್ಯಾನ್ ತೋರಿಸಿ, ಎಷ್ಟೋ ಗಡ್ಡೆಗಳಿಗೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ, ಇದು ಮೇಲಕ್ಕೂ ಒಂದು ಮಗ್ಗುಲಿಗೂ ಹಬ್ಬಿದೆ, ಎಂಡೋಸ್ಕೋಪೇ ವಾಸಿ ಎಂದರು. ಆಕೆ ಸುತರಾಂ ಒಪ್ಪಲಿಲ್ಲ. ಆಕೆಯ ತಮ್ಮನಾದ ಆ ಬಾಮೈದ ಮಧ್ಯೆ ಬಾಯಿ ಹಾಕಿದ ಮೇಲಂತೂ ಇನ್ನಷ್ಟು ಹಟ ಹಿಡಿದರು. ರಿಪೇರಿ ಮಾಡುತ್ತೇನೆಂದು ಅವನು ಅವರ ಮಿಕ್ಸಿ ಸುಟ್ಟುಹಾಕಿದ್ದು ಇನ್ನೂ ಮರೆತಿರಲಿಲ್ಲ.

"ನಮ್ಮನೆಯವರು ಇಷ್ಟು ವರ್ಷದಿಂದ ಹೇಳ್ತಿದ್ದಾರೆ, ಮೈಕ್ರೋಸ್ಕೋಪಿನ ಮುಂದೆ ಯಾವುದೂ ಇಲ್ಲ ಅಂತ. ನಂಗೆ ಅದರಲ್ಲೇ ಮಾಡಿ," ಎಂದರು.

ಎಲ್ಲರೂ ಲೆನ್ಸಣ್ಣನ ಕಡೆ ತಿರುಗಿದೆವು. ತಾನು ಕೊಚ್ಚಿಕೊಂಡ ಜಂಬವೆಲ್ಲ ಮನೆಯಲ್ಲಿ ವೇದವಾಕ್ಯವಾಗಿ ಕೂತಿದೆಯೆಂದು ಅವನಿಗೆ ತಿಳಿದದ್ದೇ ಆಗ. ಬಾಮೈದನೆದುರು ಸೋಲೊಪ್ಪುವುದೇನು ಸಣ್ಣ ಮಾತೇ? ನನಗಂತೂ ಸಿಟ್ಟು ನೆತ್ತಿಗೇರಿ, ಬಾಯಿ ಬಿಡೋ ಪುಣ್ಯಾತ್ಮ ಎಂದು ಕೂಗಬೇಕೆನಿಸಿತು.

"ನಮ್ಮದು ನೇರ ಇರೋದನ್ನ ಮಾತ್ರ ನೋಡುತ್ತೆ ಕಣೇ," ಎಂದ ಕೊನೆಗೆ. "ತಿರುವಿನ ಆಚೆ ಅದಕ್ಕೆ ಕಾಣಲ್ಲ. ಅಲ್ಲಿ ಡಾಕ್ಟ್ರು ಕೈ ಅಂದಾಜಲ್ಲೇ ಕೆರೀಬೇಕು, ನಾನೇ ಪಕ್ಕದಲ್ಲಿ ನಿಂತು ನೋಡಿದೀನಿ. ನಿನ್ನ ಕಣ್ಣನ್ನ ಅಂದಾಜಿಗೆ ಬಿಡೋಕೆ ನಂಗೆ ಧೈರ್ಯ ಇಲ್ಲ."

"ಇದನ್ನ ಒಂದಿನಾನೂ ಮನೇಲಿ ಹೇಳ್ಲಿಲ್ವಲ್ಲ?"

"ಹೇಳಿದ್ರೆ ನಿನ್ನ ತಮ್ಮ ಗೆಲ್ತಿದ್ದ."

ಆಕೆ ನಕ್ಕುಬಿಟ್ಟರು. ಆಮೇಲೆ ಒಪ್ಪಿದರು.

ಆಪರೇಷನ್ನಿನ ದಿನ ಮೈಕ್ರೋಸ್ಕೋಪು ಮೂಲೆಯಲ್ಲಿತ್ತು, ಲೆನ್ಸಣ್ಣ ಹೊರಗಿನ ಬೆಂಚಿನ ಮೇಲಿದ್ದ. ಬಾಮೈದ ಒರೆಸಿದ ಪರದೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ನಾನು ನೋಡಿಯೂ ನೋಡದಂತಿದ್ದೆ. ಡಾಕ್ಟರಮ್ಮ ಓರೆಯಾಗಿ ನೋಡುವ ಕೊಳವೆ ತೂರಿಸಿ, ಮಗ್ಗುಲಲ್ಲಿ ಅವಿತಿದ್ದ ಚೂರನ್ನೂ ಕಣ್ಣಾರೆ ಕಂಡು ತೆಗೆದರು.

ಆಕೆ ಎಚ್ಚೆತ್ತು ಸುಧಾರಿಸಿಕೊಂಡ ಮೇಲೆ, ಡಾಕ್ಟರಮ್ಮ ಎದುರಿಗೆ ಕೂತು, ನನ್ನ ಮೂಗನ್ನೇ ನೋಡುತ್ತಿರಿ, ಪಕ್ಕದಿಂದ ಬೆರಳು ತರುತ್ತೇನೆ, ಕಂಡಾಗ ಹೇಳಿ ಎಂದರು. ಲೆನ್ಸಣ್ಣ ಒಂದು ಪಕ್ಕದಲ್ಲಿ ಗೋಡೆಗೊರಗಿ ನಿಂತಿದ್ದ. ಆಕೆ ಆ ಮೂಗಿನಿಂದ ಕಣ್ಣು ಕದಲಿಸಲಿಲ್ಲ.

"ಬೆರಳು ಇರಲಿ ಡಾಕ್ಟ್ರೇ," ಎಂದರು. "ಆ ಗೋಡೆಗೊರಗಿ ನಿಂತಿದ್ದಾರಲ್ಲ, ಮೊದಲು ಅವರನ್ನ ಕೂರಿಸಿ. ಬಿದ್ದುಬಿಡ್ತಾರೆ."