ನೀಲಿಯ ಕಡೆಗೆ ತೆವಳಿದ ನೀರು

ದೊಡ್ಡಬಳ್ಳಾಪುರದಲ್ಲಿ ನನ್ನ ದೊಡ್ಡಪ್ಪ ಮಗ್ಗ ಮಾರಿದ ಮೇಲೆ ಖಾಲಿಯಾದ ಶೆಡ್ಡಿನಲ್ಲೇ ನಾನು ಚಿತ್ರ ಬರೆಯುವುದು. ಅದರಲ್ಲಿ ಮರ, ಮನುಷ್ಯ, ದೇವರು ಯಾವುದೂ ಇರುವುದಿಲ್ಲ. ಬಣ್ಣ ಇರುತ್ತದೆ, ಬಣ್ಣ ಬೀಳದ ಜಾಗ ಇರುತ್ತದೆ. "ಇದನ್ನ ಸೀರೆ ಮಾಡ್ಸಿದ್ರೆ ಸೆರಗು ಯಾವ ಕಡೆ ಅಂತ ಜಗಳ ಬೀಳ್ತದೆ ಕಣವ್ವಾ" ಅನ್ನುತ್ತಿದ್ದರು ದೊಡ್ಡಪ್ಪ.

ಬೆಂಗಳೂರಿನಲ್ಲಿ ನನ್ನೊಬ್ಬಳದೇ ಮೊದಲ ಪ್ರದರ್ಶನ. ಗ್ಯಾಲರಿಯ ಎದುರಿನ ದೊಡ್ಡ ಗೋಡೆಗೆಂದು ಆರಿಸಿದ್ದ ಚಿತ್ರ ಒಯ್ಯಲು ಹನ್ನೊಂದಕ್ಕೆ ಟೆಂಪೊ ಬರಬೇಕಿತ್ತು. ಹತ್ತೂವರೆಗೆ ನೋಡಿದರೆ, ಯಾರೋ ಒರಗಿಸಿದ್ದ ಏಣಿ ಹಿಂದಿನಿಂದ ಒತ್ತಿ, ಚೌಕಟ್ಟಿಗೆ ಬಿಗಿದಿದ್ದ ಚಿತ್ರದ ಬಟ್ಟೆ ಬಿಳಿ ಜಾಗದಲ್ಲೇ ಉಬ್ಬಿ ಜೋಲುಬಿದ್ದಿದೆ!

"ಇಷ್ಟಕ್ಕೇನಾ?" ಎಂದ ದೊಡ್ಡಪ್ಪ, ನಾನು ತಡೆಯುವಷ್ಟರಲ್ಲಿ ಚೊಂಬಿನ ನೀರು ಬಾಯಿಗೆ ತುಂಬಿಕೊಂಡು ಹಿಂಬದಿಗೆ ಫುರ್ರನೆ ಚಿಮ್ಮಿಸಿಬಿಟ್ಟರು. ಸಡಿಲಾದ ಬಟ್ಟೆಗೆ ಅವರು ಜೀವಮಾನವೆಲ್ಲ ಮಾಡಿದ್ದು ಅದನ್ನೇ. ನೆಂದ ನೂಲು ಬಿಗಿಯುತ್ತದೆ.

"ದೊಡ್ಡಪ್ಪಾ!"

"ಯಾಕವ್ವಾ? ಬಣ್ಣ ಬಿಡ್ತದಾ?"

"ಬಿಳಿ ಪಕ್ಕದ ಆ ನೀಲಿ ಬಿಡುತ್ತೆ."

ಅದೊಂದನ್ನು ಮಾತ್ರ ನೂಲಿಗೆ ಬಣ್ಣ ಹಾಕುವವರ ಹತ್ತಿರ ತಂದಿದ್ದೆ. ಹೊಳಪಿಗೆ ಮರುಳಾಗಿ, ಬಣ್ಣ ಗಟ್ಟಿಯಾಗಿ ಕೂರುವಂತೆ ಮಾಡುವ ಕೆಲಸವನ್ನೇ ಬಿಟ್ಟಿದ್ದೆ. ನೇಕಾರರ ಮನೆಯ ಹುಡುಗಿ ಮಾಡಬಾರದ ತಪ್ಪು.

ನೆಂದ ಅಂಚು ಬಿಳಿಯಲ್ಲಿ ತೆವಳುತ್ತಿತ್ತು. ನೀಲಿಗೆ ಒಂದು ಗೇಣು. ಆಮೇಲೆ ನಾಲ್ಕು ಬೆರಳು. ದೊಡ್ಡಪ್ಪ ಹೆಗಲ ಟವೆಲನ್ನು ಹಿಂದಿನಿಂದ ಒತ್ತಿದರು, ನಾನು ಮುಂದಿನಿಂದ ನನ್ನ ವೇಲು. "ಉಜ್ಜಬೇಡ, ಒತ್ತು" ಅಂದರು. ಅವರು ಒತ್ತಿದಲ್ಲೆಲ್ಲ ಬಟ್ಟೆಯ ಈಚೆ ನನ್ನ ಅಂಗೈ ಹಿಂಬಾಲಿಸಿತು.

ನೀರು ನಿಂತಿತು, ಆದರೆ ಒಂದು ಕಡೆ ನೀಲಿಯನ್ನು ಮುಟ್ಟಿದ ಮೇಲೆ. ಹೆಬ್ಬೆರಳಗಲ ನೀಲಿ ಬಿಳಿಗೆ ಇಳಿದಿತ್ತು. ಹೊರಗೆ ಟೆಂಪೊ ಹಾರನ್.

ಮೇಲೆ ಬಿಳಿ ಬಳಿಯೋಣವೆಂದರೆ ಬಟ್ಟೆ ಹಸಿ. ಗ್ಯಾಲರಿ ನಡೆಸುವ ಹೆಂಗಸಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಆಕೆ ಅಂದದ್ದು ಇಷ್ಟೇ: "ಕಳಿಸಿ, ನೋಡ್ತೀನಿ. ಸರಿ ಕಾಣದಿದ್ರೆ ಒಳಗಿನ ರೂಮಿಗೆ."

ನಾನು ಟೆಂಪೊ ಹತ್ತಲು ಹೋದರೆ ದೊಡ್ಡಪ್ಪ, "ನೀನು ಬ್ಯಾಡ. ಉಳಿದವನ್ನ ಕಟ್ಟಿಡು" ಎಂದು ತಾವೇ ಹಿಂದೆ ಹತ್ತಿ, ಚಿತ್ರಕ್ಕೆ ಏನೂ ತಾಗದಂತೆ ಚೌಕಟ್ಟು ಹಿಡಿದು ಕೂತರು. ನಾನು ಏನನ್ನೂ ಕಟ್ಟಲಿಲ್ಲ. ಫೋನ್ ಹಿಡಿದು ಹೊಸ್ತಿಲ ಮೇಲೆ ಕೂತಿದ್ದೆ.

ಮೂರಕ್ಕೆ ಅವರ ಫೋನ್. "ತಮಟೆ ಥರ ಬಿಗಿದೈತೆ ಕಣವ್ವಾ. ನೀಲಿ ಇಳಿದಿದ್ದು ಪರ್ವಾಗಿಲ್ವಂತೆ, ದೊಡ್ಡ ಗೋಡೆಗೇ ಹಾಕವ್ರೆ."

ನಾನು ಹೊಸ್ತಿಲಿಂದ ಎದ್ದು ನಿಂತೆ.

"ಆದ್ರೆ ಚೌಕಟ್ಟು ಬಲಗಡೆ ಒಂದು ಬೆರಳು ಕೆಳಗೈತೆ. ಹೇಳಿದ್ರೆ ಈಯಮ್ಮ ಒಪ್ತಾನೇ ಇಲ್ಲ. ತಗೋ, ನೀನೇ ಹೇಳು" ಎಂದು ಫೋನನ್ನು ಆಕೆಯ ಕೈಗೇ ಕೊಟ್ಟುಬಿಟ್ಟರು.