ಪುರಾನಾಪುಲ್ ಮೇಲಿನ ಬೀಗದ ಅಂಗಡಿ

ಕೊಟ್ಟೂರಿನಿಂದ ಬಸ್ಸಿನಲ್ಲಿ ಹೊಸಪೇಟೆ, ಅಲ್ಲಿಂದ ರೈಲು, ಗುಂತಕಲ್ಲಿನಲ್ಲಿ ಬದಲಿ. ಮರುದಿನ ಹೈದರಾಬಾದು ಮುಟ್ಟಿದೆವು. ಎಂಜಿನ್ನಿನ ಹೊಗೆಗೆ ಸೀರೆಯೆಲ್ಲ ಕಪ್ಪು. ಕಟ್ಟಿಕೊಂಡಿದ್ದ ರೊಟ್ಟಿ ಕರ್ನೂಲಿಗೇ ಮುಗಿದಿದ್ದವು.

ಜೊತೆಗಿದ್ದವಳು ಪಕ್ಕದ ಮನೆಯ ಖೈರುನ್‌ಬಿ. ಅವಳ ಮಗಳು ಶಮೀಮಾಗೆ ಆ ಊರಲ್ಲೊಂದು ಗಂಡು ಗೊತ್ತಾಗಿತ್ತು. ಹುಡುಗಿ ಬೆಳೆದದ್ದು ನನ್ನ ಮಡಿಲಲ್ಲಿ. "ನೀನು ನೋಡದ ಗಂಡಿಗೆ ನಾ ಕೊಡಂಗಿಲ್ಲ ಅಕ್ಕಾ" ಎಂದು ಖೈರುನ್ ನನ್ನನ್ನೂ ಹೊರಡಿಸಿದ್ದಳು.

ಗಂಡಿನ ಬೀಗದ ಅಂಗಡಿ ಪುರಾನಾಪುಲ್ ಎಂಬ ಹಳೇ ಸೇತುವೆಯ ಮೇಲಿತ್ತು. ಅವರ ಮನೆಗೆ ಹೋಗುವ ಮೊದಲು ಗಿರಾಕಿಗಳಂತೆ ಹೋಗಿ ನೋಡುವುದೆಂದು ಮಾತಾಡಿಕೊಂಡೆವು. ರಿಕ್ಷಾದವನು ಇಳಿಸಿದಲ್ಲಿ ಎರಡೂ ಬದಿ ಅಂಗಡಿ, ತರಕಾರಿ ಗುಡ್ಡೆ, ಜನ. ಹೊಳೆ ಕಾಣಲಿಲ್ಲ.

"ಸೇತುವಿ ಎಲ್ಲೈತಿ?" ಎಂದೆ.

"ಅದರ ಮ್ಯಾಲೇ ನಿಂತೀಯಲ್ಲ!" ಎಂದು ಖೈರುನ್ ನಕ್ಕಳು.

ಎರಡು ಅಂಗಡಿಗಳ ಸಂದಿಯಲ್ಲಿ ಬಗ್ಗಿ ನೋಡಿದೆ. ಕೆಳಗೆ ಕಲ್ಲಿನ ಕಮಾನುಗಳು, ಒಂದಿಷ್ಟು ನೀರು, ಎಮ್ಮೆಗಳು. ರಾಜರ ಕಾಲದ್ದಂತೆ. ಗಟ್ಟಿ ಕೆಲಸ.

ಬೀಗದ ಅಂಗಡಿ ಸಿಕ್ಕಿತು. ಹುಡುಗ ಲಕ್ಷಣವಾಗಿದ್ದ. ಮೇಲಿನ ಹಲಗೆಯಿಂದ ಬೀಗ ಇಳಿಸಲು ಎದ್ದವನು ಎಡಗಾಲು ಎಳೆದ. ಆ ಊರಲ್ಲಿ ಕನ್ನಡ ಯಾರಿಗೆ ತಿಳಿದೀತು ಎಂದು ನಾನು ದನಿ ತಗ್ಗಿಸಲಿಲ್ಲ.

"ಲೇ ಖೈರು, ಕುಂಟ ಅದಾನಲ್ಲೇ! ಇಂಥಾ ಸರಕು ನಮ್ಮ ಹುಡುಗಿಗೆ ಗಂಟು ಹಾಕಾಕ ಹೊಂಟಾರ. ನಡಿ, ನಡಿ."

ಹುಡುಗ ಬೀಗ ಒರೆಸಿ ನನ್ನ ಮುಂದಿಟ್ಟ. "ಸರಕು ಗಟ್ಟಿ ಐತ್ರಿ ಅಮ್ಮಾ. ಬೀಗದ್ದು ಹೇಳಿದೆ" ಎಂದ. "ನಮ್ಮವ್ವ ನಿಮ್ಮ ಕಡೇದಾಕೀನ, ಹಿರೇಹಡಗಲಿಯಾಕಿ."

ಅವನ ಕಿವಿ ಕೆಂಪಾಗಿತ್ತು. ಸೇತುವೆಯ ಮೇಲಿದ್ದ ಅಷ್ಟು ಜನರಲ್ಲಿ ನನ್ನ ಮಾತು ತಿಳಿದವನು ಅವನೊಬ್ಬ, ಅವನಿಗೇ ಅದನ್ನು ಅಂದಿದ್ದೆ. ಎಲ್ಲಿ ನೋಡುವುದೆಂದು ತಿಳಿಯದೆ ಬೀಗವನ್ನೇ ನೋಡುತ್ತ ನಿಂತೆ.

ಮಧ್ಯಾಹ್ನ ಮನೆಗೆ ಹೋದೆವು. ಅವನ ತಾಯಿಗೆ ಸುದ್ದಿ ಆಗಲೇ ಮುಟ್ಟಿತ್ತು. ಊಟಕ್ಕೆ ಬಡಿಸಿದಳು, ನನಗೂ ಬಡಿಸಿದಳು.

"ಹುಡುಗಿ ಫೋಟೋ ನೋಡೀವಿ, ನಮಗ ಒಪ್ಪಿಗಿ ಐತಿ" ಎಂದು ಖೈರುನ್‌ಗೆ ಹೇಳಿ ನನ್ನ ಕಡೆ ತಿರುಗಿದಳು. "ನೀವು ಮಾತ್ರ ಮದುವಿಗೆ ಬರಬ್ಯಾಡ್ರಿ."

ಖೈರುನ್ ಎದ್ದು ನಿಂತಳು. ನಾನು ಅವಳ ಕೈ ಹಿಡಿದು ಕೂರಿಸಿದೆ. "ಬರಂಗಿಲ್ರಿ" ಎಂದೆ. "ಖೈರು, ಈ ಹುಡುಗನ್ನ ಬಿಡಬ್ಯಾಡ."

"ಹುಡುಗಿ ಹೂಂ ಅಂದ್ರ ನಮ್ಮದೂ ಹೂಂ" ಎಂದಳು ಖೈರುನ್.

ಊರಿಗೆ ತಿರುಗಿ ಬಂದೆವು. ಕೊಟ್ಟೂರಿನ ಬಸ್ ಸ್ಟ್ಯಾಂಡಿಗೇ ಬಂದಿದ್ದ ಶಮೀಮಾ, ತಾಯಿಯನ್ನು ಬಿಟ್ಟು ನನ್ನನ್ನು ಕೇಳಿದಳು.

"ಹುಡುಗ ಹೆಂಗದಾನ ಅವ್ವಾ?"

"ಒಂದು ಕಾಲು ಕುಂಟೈತಿ. ಮನಿಷ್ಯಾ ಚಲೋ ಅದಾನ."

ಸ್ವಲ್ಪ ಯೋಚಿಸಿ ನಕ್ಕಳು. "ಹಂಗಾರ ನನ್ನ ಬಿಟ್ಟು ಎಲ್ಲಿಗೆ ಓಡ್ಯಾನು! ಆತು ಬಿಡು. ಮದುವಿಗೆ ನೀ ಹಸರ ಸೀರಿನ ಉಡಬೇಕು, ಈಗ್ಲೇ ಹೇಳೀನಿ."

ಖೈರುನ್ ಚೀಲ ಎತ್ತಿಕೊಂಡು ಮುಂದೆ ನಡೆದಳು. ನಾನು ಹೂಂ ಎಂದೆ.